‘ಆರ್‌ಬಿಐ ಗವರ್ನರ್ ಆಗೋಕೆ ಏನ್ ಓದ್ಬೇಕು ಸಾರ್?’ ಅಂತ ಕೇಳೋರಿಗೆ

ಬ್ಯಾಂಕಿಂದ ರಿಟೈರ್ ಆದ್ಮೇಲೆ ಭಾನುವಾರ ಬೆಳಗ್ಗೆ ಒಂದಷ್ಟು ಹುಡುಗ್ರಿಗೆ ಬ್ಯಾಂಕ್ ಎಕ್ಸಾಮ್ ಕ್ಲಾಸ್ ತಗೋತೀನಿ. ದುಡ್ಡಿಗಲ್ಲ, ಮನೇಲಿ ಕೂತ್ರೆ ಸೊಪ್ಪು ಬಿಡಿಸೋ ಕೆಲಸ ಬೀಳುತ್ತೆ ಅಂತ. ಪ್ರತಿ ಬ್ಯಾಚಲ್ಲೂ ಮೂರನೇ ವಾರ ಇಲ್ಲಾ ನಾಲ್ಕನೇ ವಾರ ಹಿಂದಿನ ಬೆಂಚಿಂದ ಒಬ್ರಾದ್ರೂ ಕೇಳೇ ಕೇಳ್ತಾರೆ, ಸಾರ್ ಆರ್‌ಬಿಐ ಗವರ್ನರ್ ಆಗೋಕೆ ಏನ್ ಓದ್ಬೇಕು ಅಂತ. ಇದೇ ಪ್ರಶ್ನೆನ ನನ್ನ ಭಾವಮೈದ ಬೇರೆ ಥರ ಕೇಳ್ತಾನೆ: ‘ಅಲ್ಲಾ ಭಾವ, ಹಿಸ್ಟರಿ ಎಂಎ ಮಾಡಿದ ಶಕ್ತಿಕಾಂತ ದಾಸ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗ್ಬೋದು ಅಂದ್ರೆ ನಾನ್ಯಾಕೆ ಆಗ್ಬಾರ್ದು?’ 2018ರಿಂದ ಕೇಳ್ತಾನೇ ಇದಾನೆ, ಹಬ್ಬ ಹುಣ್ಣಿಮೆ ಬಂದಾಗೆಲ್ಲ. ಇಬ್ರಿಗೂ ಸೇರಿಸಿ ಒಂದ್ಸಲ ಬರೆದುಬಿಡ್ತೀನಿ.

ಏನೂ ಓದ್ಬೇಕು ಅಂತ ಇಲ್ಲ ಕಣ್ರಪ್ಪ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆ ತೆಗೆದು 8ನೇ ಸೆಕ್ಷನ್ ನೋಡಿ. ಒಬ್ರು ಗವರ್ನರ್, ನಾಲ್ಕು ಜನ ಮೀರದಂಗೆ ಡೆಪ್ಯುಟಿ ಗವರ್ನರ್, ಇವ್ರನ್ನ ಕೇಂದ್ರ ಸರ್ಕಾರ ನೇಮಕ ಮಾಡ್ಬೇಕು, ಒಂದ್ಸಲಕ್ಕೆ 5 ವರ್ಷ ಮೀರಬಾರ್ದು, ಮತ್ತೆ ಮಾಡ್ಬೋದು. ಅಷ್ಟೇ. ಯಾವ ಡಿಗ್ರಿ, ಎಷ್ಟು ವರ್ಷ ಅನುಭವ, ಒಂದಕ್ಷರ ಇಲ್ಲ. ನಮ್ಮ ಬ್ರಾಂಚಲ್ಲಿ ಅಟೆಂಡರ್ ಪೋಸ್ಟಿಗೂ ಹತ್ತನೇ ಕ್ಲಾಸ್ ಪಾಸಾಗಿರ್ಬೇಕು ಅಂತ ಇರ್ತಿತ್ತು.

ಹಂಗಾಗಿ ಆ ಕುರ್ಚಿಲಿ ಕೂತೋರ ಓದು ನೋಡಿದ್ರೆ ಕಲಸುಮೇಲೋಗರ. ಮೊದಲ ಭಾರತೀಯ ಗವರ್ನರ್ ಸಿ.ಡಿ. ದೇಶ್‌ಮುಖ್ ಕೇಂಬ್ರಿಡ್ಜಲ್ಲಿ ನ್ಯಾಚುರಲ್ ಸೈನ್ಸ್ ಓದ್ದೋರು, ಬಾಟನಿಲಿ ಪ್ರೈಜ್ ಬೇರೆ ತಗೊಂಡಿದ್ರು, ಅಂದ್ರೆ ಗಿಡ ಮರ ಎಲೆ ಬೇರು. ಡಿ. ಸುಬ್ಬರಾವ್ ಫಿಸಿಕ್ಸ್. ರಘುರಾಮ್ ರಾಜನ್ ಪಿಎಚ್‌ಡಿಗೂ ಮುಂಚೆ ಐಐಟಿಲಿ ಎಲೆಕ್ಟ್ರಿಕಲ್. ಈಗಿರೋ ಸಂಜಯ್ ಮಲ್ಹೋತ್ರಾ ಕಾನ್ಪುರ ಐಐಟಿಲಿ ಕಂಪ್ಯೂಟರ್ ಸೈನ್ಸ್. ಇವ್ರ ಮಧ್ಯೆ ಶಕ್ತಿಕಾಂತ ದಾಸ್ ಒಬ್ರ ಹಿಸ್ಟರಿ ಮಾತ್ರ ಎಲ್ಲರ ಕಣ್ಣಿಗೆ ಬಿತ್ತು, ಯಾಕಂದ್ರೆ ಅವ್ರು ಬಂದಿದ್ದು ಯೇಲ್‌ನಲ್ಲಿ ಪಿಎಚ್‌ಡಿ ಮಾಡಿದ ಊರ್ಜಿತ್ ಪಟೇಲ್ ರಾಜೀನಾಮೆ ಕೊಟ್ಟ ಬೆನ್ನಲ್ಲೇ. ವಾಟ್ಸಾಪಲ್ಲಿ ಆಗ ಬಂದಿದ್ದ ಜೋಕುಗಳೆಲ್ಲ ಇನ್ನೂ ನನ್ನ ಫೋನಲ್ಲಿವೆ, ಕಳ್ಸಿದ್ದು ಯಾರು ಅಂತ ಹೇಳ್ಬೇಕಾಗಿಲ್ಲ.

ಹಂಗಾದ್ರೆ ಯಾರನ್ನ ಬೇಕಾದ್ರೂ ಕೂರಿಸ್ತಾರಾ? ಇಲ್ಲ. ಅದಕ್ಕೆ ಕ್ಲಾಸಿಗೆ ನಾನು ಎರಡು ನೋಟು ತಗೊಂಡ್ಹೋಗ್ತೀನಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿಟ್ಟಿದೀನಿ. ಒಂದು 500ರದ್ದು. ಇನ್ನೊಂದು 1 ರೂಪಾಯಿದು, 2017ರಲ್ಲಿ ಬಂದಿದ್ದು, ಗುಲಾಬಿ ಹಸಿರು ಬಣ್ಣ, ಹಿಂದುಗಡೆ ಸಮುದ್ರದಲ್ಲಿ ಎಣ್ಣೆ ತೆಗೆಯೋ ರಿಗ್ ಚಿತ್ರ. ಮದುವೆ ಮುಯ್ಯಿಗೆ 101 ಹಾಕೋಕೆ ಹುಡುಕ್ತಾರಲ್ಲ, ಅದೇ ನೋಟು. ಇದು ರಿಸರ್ವ್ ಬ್ಯಾಂಕಿನ ನೋಟಲ್ಲ. ತಲೆ ಮೇಲೆ ‘ಭಾರತ ಸರ್ಕಾರ’ ಅಂತಿರುತ್ತೆ, ‘ಇಷ್ಟು ರೂಪಾಯಿ ಕೊಡೋ ವಚನ ಕೊಡ್ತೀನಿ’ ಅನ್ನೋ ಸಾಲು ಇರಲ್ಲ, ಸೈನ್ ಮಾಡೋದು ಗವರ್ನರ್ ಅಲ್ಲ, ಹಣಕಾಸು ಸಚಿವಾಲಯದ ಸೆಕ್ರೆಟರಿ. ಎರಡನ್ನೂ ಬೆಂಚಿಂದ ಬೆಂಚಿಗೆ ದಾಟಿಸ್ತೀನಿ. ಹೋದ ಬ್ಯಾಚಲ್ಲಿ ಹುಡುಗ್ರೆಲ್ಲ ಗಾಂಧಿ ಎಲ್ಲಿ, ವಾಟರ್‌ಮಾರ್ಕ್ ಎಲ್ಲಿ ಅಂತ ಬೆಳಕಿಗೆ ಹಿಡಿದು ನೋಡ್ತಿದ್ರೆ ಒಬ್ಳು ಹುಡುಗಿ ಎರಡನ್ನೂ ಪಕ್ಕಪಕ್ಕ ಡೆಸ್ಕ್ ಮೇಲಿಟ್ಟು ‘ಸಾರ್, ಎರಡರಲ್ಲೂ ಒಂದೇ ಸೈನು’ ಅಂದ್ಲು.

ಹೌದು, ಒಂದೇ ಸೈನು. 1 ರೂಪಾಯಿ ನೋಟಲ್ಲಿ ಸೆಕ್ರೆಟರಿ ಶಕ್ತಿಕಾಂತ ದಾಸ್, 500ರಲ್ಲಿ ಗವರ್ನರ್ ಶಕ್ತಿಕಾಂತ ದಾಸ್.

ಹಳೇ ನೋಟು ಸಂಗ್ರಹ ಮಾಡೋರನ್ನ ಕೇಳಿ, ಇಂಥ ಜೋಡಿಗಳು ಬೇಕಾದಷ್ಟಿವೆ. ಮನಮೋಹನ್ ಸಿಂಗ್ ಎಪ್ಪತ್ತರ ದಶಕದ ಕೊನೇಲಿ ಸೆಕ್ರೆಟರಿ ಆಗಿ 1 ರೂಪಾಯಿಗೆ ಸೈನ್ ಹಾಕಿದ್ರು, 1982ರಿಂದ ಗವರ್ನರ್ ಆಗಿ ದೊಡ್ಡ ನೋಟಿಗೆ. ವೆಂಕಿಟರಮಣನ್ ಹಂಗೇ. ಅವ್ರಿಗೂ ಹಿಂದೆ ಎಲ್.ಕೆ. ಝಾ, ಎಸ್. ಜಗನ್ನಾಥನ್ ಹಂಗೇ. 2015ರಲ್ಲಿ 1 ರೂಪಾಯಿ ನೋಟು ಎರಡು ದಶಕ ಆದ್ಮೇಲೆ ಮತ್ತೆ ಪ್ರಿಂಟ್ ಆದಾಗ ಸೈನ್ ಹಾಕಿದ್ದ ರಾಜೀವ್ ಮೆಹರ್ಷಿ ಗವರ್ನರ್ ಆಗ್ಲಿಲ್ಲ, ಸಿಎಜಿ ಆದ್ರು, ಅಂದ್ರೆ ಸರ್ಕಾರದ ಲೆಕ್ಕಪತ್ರ ಆಡಿಟ್ ಮಾಡೋ ಮುಖ್ಯಸ್ಥರು. ಈ 1 ರೂಪಾಯಿ ನೋಟು ಅಂದ್ರೆ ಒಂಥರಾ ಮುಂದಿನ ದೊಡ್ಡ ಹುದ್ದೆಗಳ ವೇಟಿಂಗ್ ಲಿಸ್ಟು.

ನಾನು ಹೇಳೋದು ಇಷ್ಟೇ, ಆ ಮನುಷ್ಯ ಕಾಲೇಜಲ್ಲಿ ಏನು ಓದ್ದ ಅಂತ ನೋಡ್ಬೇಡಿ, ಗವರ್ನರ್ ಆಗೋಕೆ ಮುಂಚೆ ಯಾವ ಕುರ್ಚಿಲಿ ಕೂತಿದ್ದ ಅಂತ ನೋಡಿ. ಬಹಳಷ್ಟು ಸಲ ಅಂಥ ಒಂದು ಕುರ್ಚಿ ಡೆಲ್ಲಿ ಹಣಕಾಸು ಸಚಿವಾಲಯದಲ್ಲೇ ಇರುತ್ತೆ. ಸುಬ್ಬರಾವ್ ಫೈನಾನ್ಸ್ ಸೆಕ್ರೆಟರಿ, ದಾಸ್ ಆರ್ಥಿಕ ವ್ಯವಹಾರ ಇಲಾಖೆ ಸೆಕ್ರೆಟರಿ, ಮಲ್ಹೋತ್ರಾ ರೆವಿನ್ಯೂ ಸೆಕ್ರೆಟರಿ. ಇವ್ರೆಲ್ಲ ಐಎಎಸ್, ಆದ್ರೆ ‘ಪ್ರೊಫೆಸರ್’ ಅಂತ ನಾವು ಅಂದ್ಕೊಂಡಿರೋರನ್ನೂ ನೋಡಿ. ಐ.ಜಿ. ಪಟೇಲ್, ಮನಮೋಹನ್ ಸಿಂಗ್, ಬಿಮಲ್ ಜಲಾನ್, ರಘುರಾಮ್ ರಾಜನ್, ನಾಲ್ಕೂ ಜನ ಅದೇ ಸಚಿವಾಲಯದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದೋರು. ರಾಜನ್ ಷಿಕಾಗೋದಿಂದ ನೇರ ಮುಂಬೈಗೆ ಬಂದಿಳಿದ್ರು ಅಂತ ಎಷ್ಟೋ ಜನ ತಿಳ್ಕೊಂಡಿದಾರೆ, 2012ರಿಂದ 2013ರವರೆಗೆ ಅವ್ರು ಡೆಲ್ಲಿಲೇ ಇದ್ರು. ಇದಕ್ಕೆ ಹೊರತಾಗಿ ಬಂದೋರು ಅಂದ್ರೆ ರಂಗರಾಜನ್ ಹೆಸರು ಹೇಳ್ಬೋದು, ಅಹಮದಾಬಾದ್ ಐಐಎಮ್‌ನಲ್ಲಿ ಪಾಠ ಮಾಡ್ಕೊಂಡಿದ್ದು ರಿಸರ್ವ್ ಬ್ಯಾಂಕಲ್ಲೇ ಸುಮಾರು ಒಂಬತ್ತು ವರ್ಷ ಡೆಪ್ಯುಟಿ ಆಗಿ ಆಮೇಲೆ ಗವರ್ನರ್ ಆದ್ರು.

ಯಾಕೆ ಹಿಂಗೆ ಅಂದ್ರೆ ಆಯ್ಕೆ ನಡೆಯೋ ರೀತಿನೇ ಹಂಗಿದೆ. ಕ್ಯಾಬಿನೆಟ್ ಸೆಕ್ರೆಟರಿ ನೇತೃತ್ವದಲ್ಲಿ ಹೆಸರು ಹುಡುಕೋ ಒಂದು ಸಮಿತಿ, ಕೊನೆಗೆ ಪ್ರಧಾನಿ, ಗೃಹಮಂತ್ರಿ ಇರೋ ಸಂಪುಟದ ನೇಮಕಾತಿ ಸಮಿತಿ. ಅಮೆರಿಕದಲ್ಲಾದ್ರೆ ಸೆನೆಟ್‌ನೋರು ಕರ್ದು ಕೂರಿಸ್ಕೊಂಡು ಟಿವಿ ಮುಂದೆ ಪ್ರಶ್ನೆ ಕೇಳ್ತಾರೆ, ನಮ್ಮಲ್ಲಿ ಸಾಯಂಕಾಲ ಒಂದು ಆರ್ಡರ್ ಬರುತ್ತೆ. ದಿನಾ ಯಾರ ಫೈಲ್ ನೋಡ್ತಿರ್ತಾರೋ, ಯಾರು ಕಷ್ಟಕಾಲದಲ್ಲಿ ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತಿದ್ರೋ ಅವ್ರ ಹೆಸರೇ ಮೊದಲು ನೆನಪಾಗೋದು. ನಮ್ಮ ಬ್ಯಾಂಕಲ್ಲಿ ರೀಜನಲ್ ಆಫೀಸ್ ಪಕ್ಕದ ಬ್ರಾಂಚಲ್ಲಿದ್ದೋರಿಗೇ ಪ್ರಮೋಷನ್ ಬೇಗ ಸಿಗ್ತಿತ್ತು, ಅದೇ ಕಥೆ, ಸ್ವಲ್ಪ ದೊಡ್ಡದು.

ಇದನ್ನ ನಾನು ಕೌಂಟರಲ್ಲಿ ಕೂತೇ ಕಂಡಿದೀನಿ. 2016ರ ನವೆಂಬರ್, ನೋಟ್ ಬ್ಯಾನ್ ಸಮಯ, ಬೆಂಗಳೂರಿನ ಒಂದು ಬ್ರಾಂಚಲ್ಲಿ ಕ್ಯಾಷ್ ನೋಡ್ಕೋತಿದ್ದೆ. ಹೊಸ ನೋಟಿನ ಮೇಲಿದ್ದ ಸೈನ್ ಊರ್ಜಿತ್ ಪಟೇಲ್‌ದು. ಆದ್ರೆ ಟಿವಿಲಿ ದಿನಾ ಬಂದು ಹೇಳ್ತಿದ್ದಿದ್ದು ಸೆಕ್ರೆಟರಿ ದಾಸ್. ಬೆರಳಿಗೆ ಇಂಕ್ ಹಚ್ತೀವಿ ಅಂದಿದ್ದು ಅವ್ರೇ (ಆ ಇಂಕು ನಮ್ಮ ಮೈಸೂರು ಪೇಂಟ್ಸ್‌ದು, ಎಲೆಕ್ಷನ್ ಇಂಕು), ಬದಲಾಯಿಸೋ ಮಿತಿ 4500ರಿಂದ 2000ಕ್ಕೆ ಇಳಿಸಿದ್ವಿ ಅಂದಿದ್ದು ಅವ್ರೇ, ಮದುವೆ ಇರೋ ಮನೆಗೆ ಎರಡೂವರೆ ಲಕ್ಷದವರೆಗೆ ಕೊಡ್ತೀವಿ ಅಂದಿದ್ದೂ ಅವ್ರೇ. ಅದು ಹೇಳಿದ ಮಾರನೇ ದಿನ ಬಾಗಿಲು ತೆಗೆಯೋಕೆ ಮುಂಚೆನೇ ಒಬ್ರು ಯಜಮಾನ್ರು ಲಗ್ನಪತ್ರಿಕೆ ಹಿಡ್ಕೊಂಡು ನಿಂತಿದ್ರು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಪತ್ರಿಕೆ, ಕೌಂಟರ್ ಗಾಜಿನ ಕಿಂಡಿಲಿ ತೂರಿಸಿದ್ರು. ನಮ್ಮ ಕೈಗೆ ಸರ್ಕ್ಯುಲರ್ ಇನ್ನೂ ಬಂದಿರ್ಲಿಲ್ಲ. ‘ಇನ್ನೂ ಆರ್ಡರ್ ಬಂದಿಲ್ಲ ಯಜಮಾನ್ರೇ’ ಅಂದೆ. ‘ಟಿವಿಲಿ ಹೇಳಿದ್ರಲ್ಲ ಸ್ವಾಮಿ’ ಅಂದ್ರು. ರಿಸರ್ವ್ ಬ್ಯಾಂಕಿನ ಸರ್ಕ್ಯುಲರ್ ಬಂದಿದ್ದು ನಾಲ್ಕು ದಿನ ಆದ್ಮೇಲೆ, ಅದರಲ್ಲೂ ನೂರೆಂಟು ಕಂಡಿಷನ್ನು. ಆ ಅರಿಶಿನ ಗಾಜಿಗೆ ಅಂಟ್ಕೊಂಡಿದ್ದು ಸಂಜೆವರೆಗೂ ಹಂಗೇ ಇತ್ತು. ಎರಡು ವರ್ಷ ಆದ್ಮೇಲೆ, 2018ರ ಡಿಸೆಂಬರಲ್ಲಿ ದಾಸ್ ಗವರ್ನರ್ ಅಂತ ನ್ಯೂಸ್ ಬಂದಾಗ ಬ್ರಾಂಚಲ್ಲಿ ಯಾರಿಗೂ ಆಶ್ಚರ್ಯ ಆಗ್ಲಿಲ್ಲ.

ಇಲ್ಲಿಗೆ ಬಂದಾಗ ಭಾವಮೈದ ಅಡ್ಡ ಬಾಯಿ ಹಾಕ್ತಾನೆ, ‘ಅಂದ್ರೆ ಸರ್ಕಾರ ಹೇಳಿದ್ದಕ್ಕೆಲ್ಲ ಕೋಲೆ ಬಸವನ ಥರ ತಲೆ ಆಡಿಸೋರನ್ನ ನೋಡಿ ಕೂರಿಸ್ತಾರೆ ಅಂತಾಯ್ತು’. ಅಷ್ಟು ಸಲೀಸಲ್ಲ. ಕೂರಿಸೋರ ಲೆಕ್ಕಾಚಾರ ಹಂಗಿರ್ಬೋದು, ಕೂತ್ಮೇಲೆ ಏನಾಗುತ್ತೆ ಅನ್ನೋದು ಬೇರೆ.

ನಮ್ಮ ಕರಾವಳಿ ಮೂಲದ ಬೆನೆಗಲ್ ರಾಮರಾಯರದ್ದೇ ತಗೊಳಿ. ಸಂವಿಧಾನದ ಕರಡಿಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವ್ರ ತಮ್ಮ. ಐಸಿಎಸ್, ಅಂದ್ರೆ ಬ್ರಿಟಿಷರ ಕಾಲದ ಐಎಎಸ್, ಅಪ್ಪಟ ಸರ್ಕಾರಿ ಮನುಷ್ಯ. 1949ರಿಂದ ಏಳೂವರೆ ವರ್ಷ ಗವರ್ನರ್, ಅಷ್ಟು ದಿನ ಆ ಕುರ್ಚಿಲಿ ಇನ್ಯಾರೂ ಕೂತಿಲ್ಲ. ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ 1956ರಲ್ಲಿ ಹುಂಡಿ (ದೇವಸ್ಥಾನದ್ದಲ್ಲ, ವ್ಯಾಪಾರಿಗಳ ಸಾಲಪತ್ರ), ಬಿಲ್ಲುಗಳ ಮೇಲಿನ ಸ್ಟ್ಯಾಂಪ್ ಡ್ಯೂಟಿ ಏರಿಸಿದ್ರು. ಕೇಳೋಕೆ ಚಿಲ್ಲರೆ ವಿಷಯ, ಆದ್ರೆ ಅದರಿಂದ ಬ್ಯಾಂಕುಗಳು ಸಾಲ ತಗೊಳ್ಳೋ ಬಡ್ಡಿನೇ ಏರಿದಂಗೆ, ಬಡ್ಡಿ ಏರಿಸೋದು ನಮ್ಮ ಕೆಲಸ, ನಿಮ್ದಲ್ಲ ಅಂತ ರಾಮರಾಯರು ತಿರುಗಿ ನಿಂತ್ರು. ರಿಸರ್ವ್ ಬ್ಯಾಂಕ್ ನನ್ನ ಸಚಿವಾಲಯದ ಒಂದು ಸೆಕ್ಷನ್ನು ಅನ್ನೋ ಧಾಟಿ ಮಂತ್ರಿದು. ನೆಹರೂ ಮಂತ್ರಿ ಪರ ನಿಂತ್ರು. 1957ರ ಜನವರಿಲಿ ರಾಮರಾಯರು ರಾಜೀನಾಮೆ ಕೊಟ್ಟು ಎದ್ದು ನಡೆದ್ರು.

ಸುಬ್ಬರಾವ್ ನೋಡಿ. ಫೈನಾನ್ಸ್ ಸೆಕ್ರೆಟರಿ ಕುರ್ಚಿಯಿಂದ ನೇರ ಬಂದೋರು, ಚಿದಂಬರಂ ಕೈಕೆಳಗೆ ಕೆಲಸ ಮಾಡ್ದೋರು. 2012ರ ಅಕ್ಟೋಬರಲ್ಲಿ ಬಡ್ಡಿ ಇಳಿಸಿ ಅಂತ ಮಂತ್ರಿ ಎಷ್ಟು ಸೂಚನೆ ಕೊಟ್ರೂ ಇಳಿಸ್ಲಿಲ್ಲ. ಬೆಳವಣಿಗೆ ದಾರಿಲಿ ಸರ್ಕಾರ ಒಂಟಿಯಾಗಿ ನಡೀಬೇಕು ಅಂದ್ರೆ ಒಂಟಿಯಾಗೇ ನಡೀತೀವಿ ಅಂತ ಚಿದಂಬರಂ ಮುನಿಸ್ಕೊಂಡು ಹೇಳಿದ್ರು. ಮುಂದಿನ ವರ್ಷ ಹೊರಡೋ ಮುಂಚೆ ಮಾಡಿದ ಭಾಷಣದಲ್ಲಿ ಸುಬ್ಬರಾವ್ ಇದನ್ನೇ ತಿರುಗಿಸಿ, ರಿಸರ್ವ್ ಬ್ಯಾಂಕಿಂದ ರೋಸಿಹೋಗಿ ಒಂಟಿಯಾಗಿ ವಾಕಿಂಗ್ ಹೋಗೋಣ ಅನ್ಸುತ್ತೆ, ಆದ್ರೂ ದೇವರ ದಯೆ, ಅದೊಂದಿದೆಯಲ್ಲ ಅಂತ ಮಂತ್ರಿಗಳು ಒಂದಿನ ಹೇಳ್ತಾರೆ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಇನ್ನು ಹೊರಗಿಂದ ಬಂದೋರು ಗಟ್ಟಿ ಅಂತೀರಾ, ಕಮರ್ಷಿಯಲ್ ಬ್ಯಾಂಕಿಂದ ಬಂದಿದ್ದ ಮೊದಲನೇ ಗವರ್ನರ್ ಆಸ್ಬೋರ್ನ್ ಸ್ಮಿತ್ ಸರ್ಕಾರದ ಜೊತೆ ಕಿತ್ತಾಡಿ 1937ರಲ್ಲೇ ಬಿಟ್ಟುಹೋದ, ಒಂದು ನೋಟಿನ ಮೇಲೂ ಅವನ ಸೈನ್ ಇಲ್ಲ. ಬಾಯೇ ಬಿಡಲ್ಲ ಅಂತ ಎಲ್ಲರೂ ಆಡ್ಕೋತಿದ್ದ ಊರ್ಜಿತ್ ಪಟೇಲ್ ಅವಧಿ ಮುಗಿಯೋಕೆ ಮುಂಚೆನೇ ಎದ್ದು ಹೋದ್ರು. ಬಯೋಡೇಟಾ ನೋಡಿ ಬೆನ್ನುಮೂಳೆ ಅಳೆಯೋಕೆ ಆಗಲ್ಲ ಅಂತ ನಾನು ಅಂದ್ರೆ ಭಾವಮೈದ ‘ಹೋಳಿಗೆ ಇನ್ನೊಂದು ಹಾಕಕ್ಕ’ ಅಂತ ಅಡುಗೆಮನೆ ಕಡೆ ತಿರುಗ್ತಾನೆ.

ಈಗ ಹುಡುಗ್ರ ವಿಷಯ. ಅವ್ರು ನಿಜವಾಗಿ ಕೇಳ್ತಿರೋದು, ಗ್ರೇಡ್ ಬಿ ಪರೀಕ್ಷೆ ಪಾಸಾಗಿ ರಿಸರ್ವ್ ಬ್ಯಾಂಕ್ ಸೇರಿದ್ರೆ ಒಂದಿನ ಗವರ್ನರ್ ಆಗ್ಬೋದಾ ಅಂತ. ಇಲ್ಲಿವರೆಗೆ ಬಂದಿರೋ 26 ಗವರ್ನರುಗಳಲ್ಲಿ ರಿಸರ್ವ್ ಬ್ಯಾಂಕಿನ ಸ್ವಂತ ನೌಕರರ ಸಾಲಿಂದ ಬಂದೋರು ಒಬ್ರೇ, ಎಂ. ನರಸಿಂಹಂ. ನೀವು ಬ್ಯಾಂಕಿಂಗ್ ಅವೇರ್‌ನೆಸ್ ಪೇಪರಿಗೆ ಬಾಯಿಪಾಠ ಮಾಡ್ತೀರಲ್ಲ ನರಸಿಂಹಂ ಕಮಿಟಿ 1991, 1998, ಅವ್ರೇ. 1977ರಲ್ಲಿ ಮೇ ತಿಂಗಳಿಂದ ನವೆಂಬರ್ ತನಕ, ಏಳು ತಿಂಗಳು. ಅವ್ರೂ ಮಧ್ಯದಲ್ಲಿ ಹಣಕಾಸು ಸಚಿವಾಲಯ ಸುತ್ತಿ ಬಂದೋರೇ. ಒಳಗಿನೋರಿಗೆ ಮೇಲಿನ ಮೆಟ್ಟಿಲು ಅಂದ್ರೆ ಡೆಪ್ಯುಟಿ ಗವರ್ನರ್. ನಾಲ್ಕರಲ್ಲಿ ಎರಡು ಒಳಗಿನೋರಿಗೆ, ಒಂದು ಕಮರ್ಷಿಯಲ್ ಬ್ಯಾಂಕಿನೋರಿಗೆ, ಒಂದು ಅರ್ಥಶಾಸ್ತ್ರಜ್ಞರಿಗೆ ಅನ್ನೋದು ರೂಢಿ. ಮೂವತ್ತು ವರ್ಷ ಒಂದೇ ಮನೇಲಿ ದುಡ್ದೋರಿಗೆ ಯಜಮಾನಿಕೆ ಕೊಡದೆ ಪ್ರತಿ ಸಲ ಡೆಲ್ಲಿಯಿಂದ ಅಳಿಯನ್ನ ಕರ್ಕೊಂಡು ಬರೋದು ನನಗಂತೂ ಸರಿ ಕಾಣಲ್ಲ. ಹಿಸ್ಟರಿ ಓದಿದ್ರು ಅನ್ನೋದಕ್ಕಿಂತ ಇದು ದೊಡ್ಡ ತಕರಾರು, ಇದರ ಮೇಲೆ ಯಾರೂ ಜೋಕ್ ಮಾಡಲ್ಲ.

ಎಲ್ಲಾ ಹುದ್ದೆಗೂ ಕಾನೂನು ಹಿಂಗೆ ಬಾಯಿ ಮುಚ್ಕೊಂಡಿಲ್ಲ ಅನ್ನೋದನ್ನೂ ಹೇಳ್ಬೇಕು, ಕೆಪಿಎಸ್‌ಸಿಗೆ ಓದೋರು ಬರ್ಕೊಳಿ. ಯುಪಿಎಸ್‌ಸಿ, ಕೆಪಿಎಸ್‌ಸಿ ಸದಸ್ಯರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಸರ್ಕಾರದಲ್ಲಿ 10 ವರ್ಷ ಕೆಲಸ ಮಾಡಿರ್ಬೇಕು ಅಂತ ಸಂವಿಧಾನದ 316ನೇ ವಿಧಿಲೇ ಇದೆ. ಚುನಾವಣಾ ಆಯುಕ್ತರು ಕೇಂದ್ರದ ಸೆಕ್ರೆಟರಿ ದರ್ಜೆಯೋರೇ ಆಗಿರ್ಬೇಕು ಅಂತ 2023ರ ಕಾಯ್ದೆ. ಸಿಎಜಿಗೆ ಮಾತ್ರ ಗವರ್ನರ್ ಥರನೇ, ಏನೂ ಬರೆದಿಲ್ಲ. ಆಡಿಟ್ ಸರ್ವೀಸಿನೋರಿಗಿಂತ ಐಎಎಸ್‌ನೋರು ಅಲ್ಲಿಗೆ ಹೋಗೋದೇ ಈಗ ಮಾಮೂಲಾಗಿದೆ. ನಮ್ಮ ಕೊಡಗಿನ ಸಿ.ಜಿ. ಸೋಮಯ್ಯ 1990ರಲ್ಲಿ ಸಿಎಜಿ ಆದಾಗ ಅವ್ರೂ ಐಎಎಸ್ಸೇ, ಅದಕ್ಕೂ ಮುಂಚೆ ಕೇಂದ್ರ ಗೃಹ ಕಾರ್ಯದರ್ಶಿ ಆಗಿದ್ದೋರು. ಷೇರುಪೇಟೆ ನೋಡ್ಕೊಳ್ಳೋ ಸೆಬಿಯ ಅಧ್ಯಕ್ಷರ ಕುರ್ಚಿಗೆ 2022ರಲ್ಲಿ ಮೊದಲ ಸಲ ಖಾಸಗಿ ವಲಯದ ಹಿನ್ನೆಲೆಯ ಮಾಧಬಿ ಪುರಿ ಬುಚ್ ಬಂದ್ರು, ಅವ್ರಾದ್ಮೇಲೆ ಮತ್ತೆ ಐಎಎಸ್.

ಆ ಸೈನ್ ಕಂಡುಹಿಡಿದ ಹುಡುಗಿ ಕ್ಲಾಸ್ ಮುಗಿದ್ಮೇಲೆ ಬಂದು ಇನ್ನೊಂದು ಕೇಳಿದ್ಲು, ‘ಸಾರ್, ದೊಡ್ಡ ನೋಟಲ್ಲಿ ಲೇಡೀಸ್ ಸೈನ್ ಇರೋದು ಯಾವ್ದಾದ್ರೂ ಇದೆಯಾ?’ ಇಲ್ಲ ಕಣಮ್ಮ, 1935ರಿಂದ ಇಲ್ಲಿವರೆಗೆ ಒಂದೂ ಇಲ್ಲ. ಡೆಪ್ಯುಟಿಗಳು ಇದಾರೆ, ಉದೇಶಿ, ಶ್ಯಾಮಲಾ ಗೋಪಿನಾಥ್, ಉಷಾ ಥೋರಟ್, ಈಗ ಪೂನಂ ಗುಪ್ತಾ, ಆದ್ರೆ ಡೆಪ್ಯುಟಿಗಳ ಸೈನ್ ನೋಟಿನ ಮೇಲೆ ಬರಲ್ಲ. ಆಮೇಲೆ ನೆನಪಾಯ್ತು, 2025ರ ಜುಲೈಲಿ ಆರ್ಥಿಕ ವ್ಯವಹಾರ ಇಲಾಖೆ ಸೆಕ್ರೆಟರಿ ಕುರ್ಚಿಗೆ ಅನುರಾಧಾ ಠಾಕೂರ್ ಬಂದಿದಾರೆ ಅಂತ. ದಾಸ್ ಕೂತಿದ್ದ ಅದೇ ಕುರ್ಚಿ. ಹೇಳ್ದೆ. ಅವಳು 1 ರೂಪಾಯಿ ನೋಟನ್ನ ಇನ್ನೊಂದ್ಸಲ ಈಸ್ಕೊಂಡು ನೋಡಿ ಮೊಬೈಲಲ್ಲಿ ಫೋಟೋ ತಗೊಂಡ್ಲು. ಕವರಿಗೆ ವಾಪಸ್ ಹಾಕುವಾಗ ನೋಡ್ತೀನಿ, ಹಿಂದಿನ ಬೆಂಚಿನ ಯಾವನೋ ಪುಣ್ಯಾತ್ಮ ನೋಟಿನ ಮೂಲೆ ಮಡಿಚಿಟ್ಟಿದಾನೆ.