ಸೋರುವ ಮಾಡು, ಪಕ್ಕದ ಹಂಚು

ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಕಳೆದ ಮೇಲೆ ಮಾಡಿಗೆ ಏಣಿ ಇಡುವುದು ನಮ್ಮಲ್ಲಿ ರೂಢಿ. ಮನೆ ಉಡುಪಿಯಿಂದ ಪೂರ್ವಕ್ಕೆ, ಹಿರಿಯಡಕದ ಹತ್ತಿರ. ಅಜ್ಜ ಹೊದೆಸಿದ ಹಂಚಿನ ಬೆನ್ನಲ್ಲಿ ಬಾಸೆಲ್ ಮಿಷನ್ ಮುದ್ರೆ, ಮಂಗಳೂರಿನಲ್ಲಿ 1865ರಲ್ಲಿ ಶುರುವಾದ ಕಾರ್ಖಾನೆಯದ್ದು. ಒಮ್ಮೆ ಹಲಸಿನ ಗೆಲ್ಲು ಬಿದ್ದು, ಕೆಡವಿದ ಯಾರದೋ ಮನೆಯ ಹಂಚು ತಂದು ಸೇರಿಸಿದೆವು. ಈಗ ಐದಕ್ಕೊಂದು ಅದು.

ಚಾವಡಿ ಸೋರುತ್ತಿತ್ತು. ಸೋರುವಲ್ಲಿ ಹೊರಗಿನಿಂದ ತಂದ ಹಂಚೇ ಹೆಚ್ಚು ಅಂತ ನಾನು ಗೊಣಗಿದೆ. ಮಣಿಪಾಲದಲ್ಲಿ ತಳಿವಿಜ್ಞಾನ ಓದುವ ತಂಗಿಯ ಮಗಳು ಹಂಚು ದಾಟಿಸುತ್ತಾ ನಕ್ಕಳು. "ಮಾವ, ಇದಕ್ಕೆ ಅಡ್ಮಿಕ್ಸ್ಚರ್ ಮ್ಯಾಪಿಂಗ್ ಅಂತಾರೆ."

ಅಂಗಳದಲ್ಲಿ ಹಂಚು ಸಾಲಾಗಿಟ್ಟು ವಿವರಿಸಿದಳು. ಬೆರೆತ ಜನರಲ್ಲಿ ರೋಗದ ಜೀನ್ ಹುಡುಕುವ ಉಪಾಯ ಅದು; ಮನೆ ಅಂದರೆ ಮನುಷ್ಯ, ಸೋರಿಕೆ ಅಂದರೆ ರೋಗ, ಹಂಚು ಅಂದರೆ ವಂಶವಾಹಿಯ ತುಂಡು. ಅಮೆರಿಕದ ಕಪ್ಪುಜನರ ವಂಶವಾಹಿಯಲ್ಲಿ ಸರಾಸರಿ ನೂರಕ್ಕೆ ಸುಮಾರು 80 ಪಾಲು ಆಫ್ರಿಕಾದ್ದು, 20 ಪಾಲು ಯುರೋಪಿನದ್ದು. ಬೆರೆತು ಕೆಲವೇ ತಲೆಮಾರು ಆಗಿರುವುದರಿಂದ ತುಂಡುಗಳು ಉದ್ದುದ್ದ; ಕೆಲವು ಸಾವಿರ ಗುರುತು ನೋಡಿದರೆ ಯಾವ ತುಂಡು ಎಲ್ಲಿಯದ್ದು ಅಂತ ಗೊತ್ತಾಗುತ್ತದೆ. ಒಂದು ಮನೆಯಿಂದ ಏನೂ ತಿಳಿಯದು. ಸೋರುವ ನೂರಾರು ಮನೆ ನೋಡಿ, ಒಂದೇ ಜಾಗದಲ್ಲಿ ಒಂದು ಕಡೆಯ ಹಂಚು ಸರಾಸರಿ ಮೀರಿದ್ದರೆ ಕಳ್ಳ ಅಲ್ಲೇ. 2008ರಲ್ಲಿ ಕಿಡ್ನಿ ರೋಗಿಗಳಲ್ಲಿ ಹೀಗೆ ಹುಡುಕಿದಾಗ 22ನೇ ಕ್ರೋಮೋಸೋಮಿನ ಒಂದು ಕಡೆ ಆಫ್ರಿಕಾದ ಪಾಲು ಎದ್ದು ಕಂಡಿತು. ಅಲ್ಲಿದ್ದ ಎಂವೈಎಚ್9 ಎಂಬ ಜೀನಿನ ಮೇಲೆ ಗುಮಾನಿ ಬಿತ್ತು.

ಜಗಲಿಯಲ್ಲಿ ಕೂತಿದ್ದ ಅಣ್ಣ ತಲೆಯೆತ್ತಿದ. ಅವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. "ನನ್ನದೂ ಅದೇಯಾ?"

"ನಿಮ್ಮದು ಶುಗರ್, ದೊಡ್ಡ ಮಾವ."

ಅವನಿಗೆ ಕೊಂಚ ನಿರಾಸೆಯಾದಂತೆ ಕಂಡಿತು.

ನಾನು ತೋರಿಸಿದ ಹಂಚನ್ನು ಆಚಾರಿ ಬದಲಿಸಿದರು. ಒಂದು ಕೊಡ ನೀರು ಸುರಿದೆವು. ಚಾವಡಿಯಲ್ಲಿ ಟಪ್ ಟಪ್, ಮೊದಲಿನಂತೆಯೇ. ತೆಗೆದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಅಂದಿತು; ಒಂದು ಗೀರೂ ಇಲ್ಲ.

"ಅವರಿಗೂ ಹೀಗೇ ಆಯ್ತು," ಅಂದಳು ಹುಡುಗಿ, ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿಯಲ್ಲಿ. 2010ರಲ್ಲಿ ಗೊತ್ತಾಯಿತಂತೆ, ನಿಜವಾದ ಅಪರಾಧಿ ಪಕ್ಕದಲ್ಲೇ ಇದ್ದ ಎಪಿಒಎಲ್1 ಎಂಬ ಜೀನ್. ಒಂದೇ ತುಂಡಿನಲ್ಲಿ ಜೊತೆಯಾಗಿ ಬಂದ ನೆರೆಯವರಾದ್ದರಿಂದ ಹೆಸರು ತಪ್ಪಿತ್ತು. ಅಪರಾಧಿ ಅನ್ನುವುದೂ ಅಷ್ಟು ಸರಿಯಲ್ಲ. ಅದರ ಬದಲಾದ ರೂಪ ಆಫ್ರಿಕಾದಲ್ಲಿ ನೊಣ ಕಚ್ಚಿ ಬರುವ ನಿದ್ರಾರೋಗದಿಂದ ಕಾಪಾಡುತ್ತದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಕಿಡ್ನಿಗೆ ಅಪಾಯ ಬಹಳ ಹೆಚ್ಚು.

"ಮುಲ್ಪ ಅತ್ತ್, ಅಲ್ಪ," ಅಂದರು ಆಚಾರಿ ಮೇಲಿಂದ. ಇಲ್ಲಲ್ಲ, ಅಲ್ಲಿ. ಒಂದು ಸಾಲು ಮೇಲೆ ಮಂಗ ಹಾರಿ ಬಿರುಕು ಬಿಟ್ಟ ಹಂಚು, ಅದೂ ಹೊರಗಿನದ್ದೇ. ನೀರು ಅಲ್ಲಿ ಇಳಿದು ಪಕ್ಕಾಸಿನ ಮರ ಹಿಡಿದು ಬಂದು ಇಲ್ಲಿ ತೊಟ್ಟಿಕ್ಕುತ್ತಿತ್ತು.

ಚಾ ಕೊಡುತ್ತಾ ಅತ್ತಿಗೆ, "ನಮ್ಮಲ್ಲಿ ಅಂಥ ಬೆರಕೆ ಇಲ್ಲಪ್ಪ" ಅಂದರು. ಹುಡುಗಿ ಬಿಡಲಿಲ್ಲ. ಹಾರ್ವರ್ಡ್‌ನವರೂ ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯವರೂ 2013ರಲ್ಲಿ ಲೆಕ್ಕ ಹಾಕಿದ ಪ್ರಕಾರ ಭಾರತದ ಹೆಚ್ಚುಕಡಿಮೆ ಎಲ್ಲರೂ 1,900ರಿಂದ 4,200 ವರ್ಷಗಳ ಹಿಂದೆ ಬೆರೆತವರೇ, ಜಾತಿಯ ಬೇಲಿ ಬಿಗಿಯಾದದ್ದು ಆಮೇಲೆ. ಅಷ್ಟು ಹಳೆಯದಾದ್ದರಿಂದ ತುಂಡುಗಳು ಹಂಚಿನ ಪುಡಿಯಷ್ಟಾಗಿ, ನಮ್ಮಲ್ಲಿ ಈ ಉಪಾಯ ನಡೆಯುವುದು ಕಷ್ಟ. ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿಯರದ್ದು ಬೇರೆ; ಅವರ ಬೆರಕೆ ಈಚಿನದ್ದು. ಅತ್ತಿಗೆ ಲೋಟ ಎತ್ತಿಕೊಂಡು ಒಳಗೆ ಹೋದರು.

ಮತ್ತೊಂದು ಕೊಡ ಸುರಿದೆವು. ಅಣ್ಣ ಚಾವಡಿಯಲ್ಲಿ ನಿಂತು ಮೇಲೆ ನೋಡುತ್ತಿದ್ದ.

"ಇಲ್ಲಿ ನಿಂತಿತು," ಅಂತ ಕೂಗಿದ. ಸ್ವಲ್ಪ ಹೊತ್ತು ಬಿಟ್ಟು, "ದೇವರ ಕೋಣೆ ನೋಡಿ ಮಾರಾಯ್ರೆ."