ಮನೆ ಸರ್ವರ್, ಮೂರನೇ ವಾರ: ಬಿಸಿ ಇಳಿಯಿತು, ಸದ್ದೂ ಇಳಿಯಿತು

ಬಳ್ಳಾರಿಯ ಏಪ್ರಿಲ್. ಮಧ್ಯಾಹ್ನ ಎರಡಕ್ಕೆ ನಮ್ಮ ಹಾಲ್ ಒಳಗೇ 36 ಡಿಗ್ರಿ. ಆ ಹೊತ್ತಲ್ಲೇ ಅಲ್ಲಿಟ್ಟ ಸರ್ವರ್‌ನಲ್ಲಿ ಸ್ಕ್ರಬ್ (ಉಳಿಸಿದ ಡೇಟಾ ಕೆಟ್ಟಿಲ್ಲವಾ ಅಂತ ಪೂರ್ತಿ ಓದಿ ನೋಡೋ ತಪಾಸಣೆ) ನಡೀತಾ ಇತ್ತು, ಅಂದರೆ ನಾಲ್ಕೂ ಹಾರ್ಡ್ ಡಿಸ್ಕ್ ಬಿಡುವಿಲ್ಲದೆ ಓದುತ್ತಿದ್ದವು. ಮಧ್ಯದ ಎರಡು ಡಿಸ್ಕ್ 52 ಡಿಗ್ರಿ ಮುಟ್ಟಿದ್ದವು. ಇವುಗಳ ಮಿತಿ 60. ಆದರೂ ಅಪ್ಪ ತೆಗೆದ ಫೋಟೊಗಳೆಲ್ಲ ಇದರಲ್ಲೇ ಇವೆ. ನನಗೆ 45ರ ಆಸುಪಾಸು ಇದ್ದರೇ ಸಮಾಧಾನ.

ಮೊದಲು ಸುಮ್ನೆ ಫ್ಯಾನ್ ಜೋರು ಮಾಡಿ ನೋಡಿದೆ. ಡಿಸ್ಕ್‌ಗಳ ಹಿಂದೆ ಗಾಳಿ ಎಳೆಯುವ ಎರಡು 120 ಮಿ.ಮೀ. ಫ್ಯಾನ್ ಇವೆ. ನಿಮಿಷಕ್ಕೆ 1500 ಸುತ್ತಿಗೆ ಏರಿಸಿದರೆ ಇಳಿದದ್ದು ಬರೀ ಎರಡು ಡಿಗ್ರಿ. ಸದ್ದು ಮಾತ್ರ ಅಡುಗೆಮನೆವರೆಗೂ ಕೇಳಿಸಿತು. ಅಮ್ಮ ಮಲಗೋದು ಹಾಲ್‌ನಲ್ಲೇ, ಹಾಗಾಗಿ ಇದು ಆಗದ ಮಾತು.

ಇಷ್ಟು ಗಾಳಿ ಹೋಗ್ತಾ ಇರೋದಾದರೂ ಎಲ್ಲಿಗೆ? ದೇವರ ಮನೆಯಿಂದ ಒಂದು ಊದುಬತ್ತಿ ತಂದು ಸರ್ವರ್ ಕೇಸಿನ, ಅಂದರೆ ಪೆಟ್ಟಿಗೆಯ, ಮುಂದೆ ಹಿಡಿದೆ. ಡಿಸ್ಕ್‌ಗಳ ಎದುರು ಹೊಗೆ ನಿಧಾನಕ್ಕೆ ಓಲಾಡುತ್ತಾ ಮೇಲಕ್ಕೆ ಹೋಯಿತು. ಕೈಯನ್ನು ನಾಲ್ಕು ಬೆರಳು ಮೇಲಕ್ಕೆತ್ತಿ ಖಾಲಿ ಸ್ಲಾಟ್ ಹತ್ತಿರ ತಂದೆ ನೋಡಿ, ಹೊಗೆ ದಾರದ ಹಾಗೆ ನೇರವಾಗಿ ಒಳಗೆ ಎಳೆದುಕೊಂಡು ಹೋಯಿತು! ಗಾಳಿಗೆ ಸುಲಭದ ದಾರಿ ಸಿಕ್ಕಿತ್ತು. ಡಿಸ್ಕ್ ನಡುವಿನ ಸಂದಿಗೆ ಅದು ಯಾಕೆ ಬರುತ್ತೆ, ಅಲ್ವಾ?

ಚಪ್ಪಲಿ ಡಬ್ಬದ ರಟ್ಟು ಕತ್ತರಿಸಿ ಮೇಲಿನ ಸ್ಲಾಟ್, ಪಕ್ಕದ ಸಂದಿ ಎಲ್ಲಾ ಟೇಪ್ ಹಾಕಿ ಮುಚ್ಚಿದೆ. ಡಿಸ್ಕ್‌ಗಳ ನಡುವಿನ ಜಾಗವೊಂದೇ ಉಳಿಯಿತು. ಅರ್ಧ ಗಂಟೆ ಕೆಲಸ, ಈ ಮೂರು ವಾರದಲ್ಲಿ ಇದಕ್ಕಿಂತ ಒಳ್ಳೆ ಫಲ ಕೊಟ್ಟದ್ದು ಇನ್ನೊಂದಿಲ್ಲ.

ಇನ್ನೊಂದು ತೊಂದರೆ ಫ್ಯಾನ್ ಹಿಡಿತದಲ್ಲಿತ್ತು. ಮದರ್‌ಬೋರ್ಡ್ ಫ್ಯಾನ್ ಓಡಿಸೋದು ಸಿಪಿಯು ಬಿಸಿ ನೋಡಿ. ಸ್ಕ್ರಬ್ ಹೊತ್ತಲ್ಲಿ ಬೇಯೋದು ಡಿಸ್ಕ್, ಸಿಪಿಯುಗೆ ಅಷ್ಟೇನೂ ಕೆಲಸ ಇರಲ್ಲ. ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನಲ್ಲಿ 5.6ನೇ ಆವೃತ್ತಿಯಿಂದ ಡ್ರೈವ್‌ಟೆಂಪ್ ಅನ್ನೋ ಮಾಡ್ಯೂಲ್ ಇದೆ, ಡಿಸ್ಕ್‌ಗಳ ಬಿಸಿಯನ್ನು ಉಳಿದ ಸೆನ್ಸರ್‌ಗಳ ಹಾಗೇ ತೋರಿಸುತ್ತದೆ. ನಿಮಿಷಕ್ಕೊಮ್ಮೆ ಅದನ್ನು ಓದೋ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಎಲ್ಲಕ್ಕಿಂತ ಬಿಸಿಯಾದ ಡಿಸ್ಕ್ 38ರ ಕೆಳಗಿದ್ದರೆ ಫ್ಯಾನ್ 600 ಸುತ್ತು, 48 ದಾಟಿದರೆ ಪೂರ್ತಿ ವೇಗ. ನಡುವೆ ಮೆಲ್ಲಗೆ ಏರುತ್ತದೆ. ಡಿಸ್ಕ್ ಬಿಸಿ ಓದಲು ಆಗದಿದ್ದರೂ ಪೂರ್ತಿ ವೇಗ. ಇದನ್ನು ಮಾತ್ರ ಯಾರೂ ಮರೀಬೇಡಿ.

ಕೊನೆಗೆ ಒಂದು ಗುಂಯ್ ಸದ್ದು ಉಳಿದಿತ್ತು, ಫ್ಯಾನ್ ನಿಲ್ಲಿಸಿದರೂ ಹೋಗಲಿಲ್ಲ. ಡಿಸ್ಕ್ ನಿಮಿಷಕ್ಕೆ 7200 ಸುತ್ತಿನದು, ಸೆಕೆಂಡಿಗೆ 120 ಸುತ್ತು. ಆ ನಡುಕವನ್ನು ಮರದ ಸ್ಟ್ಯಾಂಡ್ ದೊಡ್ಡದು ಮಾಡುತ್ತಿತ್ತು. ಹಳೆ ಹವಾಯಿ ಚಪ್ಪಲಿಯಿಂದ ನಾಲ್ಕು ತುಂಡು ಕತ್ತರಿಸಿ ಕೇಸಿನ ಕೆಳಗಿಟ್ಟೆ. ಸ್ಟ್ಯಾಂಡ್ ಮೇಲೆ ಅಂಗೈ ಇಟ್ಟರೆ ಈಗ ನಡುಕ ಗೊತ್ತೇ ಆಗಲ್ಲ.

ನಿನ್ನೆ ಅದೇ ಹೊತ್ತಿಗೆ, ಅದೇ 36 ಡಿಗ್ರಿಯಲ್ಲಿ ಮತ್ತೆ ಸ್ಕ್ರಬ್ ಹಾಕಿದೆ. ಮಧ್ಯದ ಡಿಸ್ಕ್‌ಗಳು 46, ಫ್ಯಾನ್ 1100ರ ಹತ್ತಿರ. ರಾತ್ರಿ 600ಕ್ಕೆ ಇಳಿಯುತ್ತೆ, ಸೀಲಿಂಗ್ ಫ್ಯಾನ್ ಸದ್ದಿನಲ್ಲಿ ಅದು ಕೇಳಿಸೋದೇ ಇಲ್ಲ.

ಇನ್ನು ಉಳಿದಿರೋದು ನಮ್ಮೂರಿನ ಕೆಂಪು ಧೂಳು. ಕೇಸಿನ ಮುಂಭಾಗದ ಫಿಲ್ಟರ್ ಹತ್ತೇ ದಿನಕ್ಕೆ ಬಣ್ಣ ತಿರುಗಿದೆ. ಭಾನುವಾರ ಬಿಚ್ಚಿ ತೊಳೆದು, ಡಿಸ್ಕ್ ಬಿಸಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಅಂತ ಅಳೆದು ಬರೀತೀನಿ.