ಮಗ್ಗುಲು

ಅಜ್ಜಿ ತೀರಿಕೊಂಡ ಮೂರನೇ ದಿನವೇ ಏಜೆನ್ಸಿಯಿಂದ ಫೋನ್ ಬಂತು. "ಹೊಸ ಪೇಷಂಟ್ ಇದ್ದಾರೆ. 24 ಗಂಟೆ ಡ್ಯೂಟಿ. ನಾಳೆಯೇ ಹೋಗ್ತೀರಾ?" ಎರಡು ತಿಂಗಳು ಬರಲ್ಲ ಅಂದೆ. "ಯಾಕಮ್ಮಾ, ಮನೇಲಿ ಮದುವೆನಾ?" ಮದುವೆ, ಹೆರಿಗೆ, ಸಾವು, ಇಷ್ಟಕ್ಕೇ ರಜೆ ಅಂತ ಅವರ ಲೆಕ್ಕ. ಸಾವೇನೋ ಆಗಿತ್ತು. ಆದರೆ ಅದು ನಮ್ಮನೆ ಸಾವಲ್ಲವಲ್ಲ.

ಬೆಂಗಳೂರಿನ ಆ ಮನೆಯಲ್ಲಿ ಮೂರು ವರ್ಷ ಇದ್ದೆ. ಸ್ಟ್ರೋಕ್ ಆಗಿ ಅಜ್ಜಿಗೆ ಬಲಗಡೆ ಸ್ವಾಧೀನವೇ ಇರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟ, ಹಿಮ್ಮಡಿ ಕೆಂಪಾಗಿ ಹುಣ್ಣಾಗುತ್ತದೆ. ಏರ್ ಬೆಡ್ ಇದೆಯಲ್ಲ ಅನ್ನುತ್ತಾರೆ ಮನೆಯವರು. ಇದ್ದರೂ ತಿರುಗಿಸಲೇಬೇಕು. ಊಟ ಮೂಗಿನ ಟ್ಯೂಬಲ್ಲಿ. ರಾಗಿ ಗಂಜಿಯನ್ನು ನುಣ್ಣಗೆ ಸೋಸಿ, ತಲೆ ಕಡೆ ಮಂಚ ಎತ್ತಿ, ಸಿರಿಂಜಿನಲ್ಲಿ ನಿಧಾನವಾಗಿ ಬಿಡಬೇಕು. ಆಮೇಲೂ ಅರ್ಧ ಗಂಟೆ ಮಂಚ ಇಳಿಸುವ ಹಾಗಿಲ್ಲ. ಗಂಜಿ ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಮೂರು ವರ್ಷದಲ್ಲಿ ಅವರ ಮೈ ಮೇಲೆ ಒಂದು ಹುಣ್ಣೂ ಆಗಲಿಲ್ಲ. ಜಂಬ ಅಂದುಕೊಂಡರೂ ಪರವಾಗಿಲ್ಲ.

ಮೆಜೆಸ್ಟಿಕ್ಕಿನಲ್ಲಿ ಅರಸೀಕೆರೆ ಬಸ್ ಹತ್ತಿದೆ. ಆಧಾರ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ ಆಯಿತು. ಆದರೆ ನಾನೂ ಫ್ರೀ ಆಗಬೇಕಲ್ವಾ?

ಡ್ಯೂಟಿ ಇಲ್ಲದ ದಿನ ಸಂಬಳ ಇಲ್ಲ. ಪಿಎಫ್ ಗಿಎಫ್ ಕೇಳಲೇಬೇಡಿ. ಚೀಟಿ ಎತ್ತಿದ ದುಡ್ಡು ಸ್ವಲ್ಪ ಇದೆ, ಬಿಗಿ ಹಿಡಿದರೆ ಎರಡು ತಿಂಗಳು ನಡೆಯುತ್ತದೆ. ಅವ್ವನಿಗೆ ಗೃಹಲಕ್ಷ್ಮಿ 2000 ಬರುತ್ತದೆ. ಅದಕ್ಕೆ ಮಾತ್ರ ಕೈ ಹಾಕಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೇನೆ.

ಊರಲ್ಲಿ ಸುಮ್ನೆ ಇರೋದು ಅಷ್ಟು ಸುಲಭ ಅಲ್ಲ. "ನರ್ಸಮ್ಮ ಬಂದವ್ಳೆ" ಅಂತ ಬೀದಿಯವರೆಲ್ಲ ಬಿಪಿ ನೋಡಿಸಿಕೊಳ್ಳೋಕೆ ಬರುತ್ತಾರೆ. ನಾನು ನರ್ಸ್ ಅಲ್ಲ ಅಂದರೆ ಯಾರೂ ಕೇಳಲ್ಲ.

ರಾತ್ರಿಗಳೇ ಕಷ್ಟ. ಎರಡು ಗಂಟೆಗೆ ಸರಿಯಾಗಿ ಎಚ್ಚರ. ಮೊದಲ ದಿನ ಕತ್ತಲಲ್ಲಿ ಕೈ ಮಂಚದ ಕಂಬಿ ಹುಡುಕಿತು, ತಣ್ಣನೆ ಗೋಡೆ ತಾಗಿತು. ಏನೋ ಮರೆತೆನಲ್ಲ ಅಂತ ಗಾಬರಿಯಲ್ಲಿ ಎದ್ದು ಕೂತೆ. ನಾಲ್ಕಕ್ಕೆ ಮತ್ತೆ ಹಾಗೇ.

ನಿನ್ನೆಯಂತೂ ನಿದ್ದೆಗಣ್ಣಲ್ಲೇ ಪಕ್ಕದಲ್ಲಿದ್ದ ಅವ್ವನ ಹೆಗಲು, ಸೊಂಟ ಹಿಡಿದು ಎಡಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಡೋಕೆ ಹೋಗಿದ್ದೆ.

"ನಾನಿನ್ನೂ ಗಟ್ಟಿಯಾಗಿದ್ದೀನಿ ಕಣೇ," ಅಂದಳು ಅವ್ವ. "ಬಿದ್ಕೋ."